ಮರಳು ಅತ್ತ, ಪಾತ್ರೆ ಇತ್ತ

ಬಿಸಿಗಟ್ಟೆ ಬೀದಿ, ಹರಿಹರ
ಕ್ರಿ.ಶ. ೨೬೧೯, ಫೆಬ್ರವರಿ ೩೦

ಇಪ್ಪತ್ತೊಂದನೆಯ ಶತಮಾನದ ಸಮಸ್ತ ಮಹಾಜನಗಳೇ, ಹಿಟ್ಟು ನಾದಿದವರೇ, ನಾದಿದವರೊಡನೆ ವಾದಿಸಿದವರೇ, ಉಂಡು ಹೊಗಳಿದವರೇ, ಉಣ್ಣದೆ ಬೊಗಳಿದವರೇ,

ಆರುನೂರು ವರ್ಷಗಳ ಆಚೆಯಿಂದ ತಮಗೊಂದು ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಬೇರೆ ತಿಂಗಳುಗಳಿಗೆ ಕೈತುಂಬ ಕೊಟ್ಟು ಫೆಬ್ರವರಿಯೊಂದಕ್ಕೆ ತಾವು ತೋರಿಸಿದ ಜಿಪುಣತನವನ್ನು ನಮ್ಮ ಹಿರಿಯರು ಸರಿಪಡಿಸಿದರು. ಜುಲೈ, ಆಗಸ್ಟ್ ತಿಂಗಳುಗಳು ಒಂದೊಂದು ದಿನ ಬಿಟ್ಟುಕೊಟ್ಟವು. ಬಿಟ್ಟುಕೊಡುವುದು ನಮ್ಮ ಕಾಲದಲ್ಲಿ ಅಂಥ ಕಷ್ಟದ ಕೆಲಸವೇನಲ್ಲ. ನನ್ನ ಮಾತಿನ ಧಾಟಿ ತಮಗೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ. ಪ್ರಾಸವಿಲ್ಲದ ಪತ್ರವನ್ನು ನಮ್ಮ ಅಂಚೆಯವರು ಮುಟ್ಟುವುದಿಲ್ಲ. ಓದಿಸಿ ನೋಡಿ, ತಾಳ ತಪ್ಪಿದರೆ ಹಿಂದಕ್ಕೆ ಕಳಿಸುತ್ತಾರೆ. ಆದ್ದರಿಂದ ಅಲ್ಲಲ್ಲಿ ಪ್ರಾಸ ಇಣುಕಿದರೆ ಅದು ನನ್ನ ಚಟವಲ್ಲ, ಟಪಾಲಿನವರ ಹಟ.

ನಾನು ವೃತ್ತಿಯಿಂದ ಬಗೆಗಾರ. ಎಂದರೆ ನೆಲವನ್ನು ಬಗೆದು, ಸಿಕ್ಕಿದ್ದನ್ನು ತೊಳೆದು ಒರೆಸಿ, ಹಿಂದಿನವರು ಏನು ಉಂಡರು, ಯಾರ ಪಕ್ಕ ಕೂತು ಉಂಡರು ಎಂದು ಊಹಿಸುವವನು. ಈ ಪತ್ರಕ್ಕೆ ಕಾರಣ ಒಂದು ಸ್ಟೀಲ್ ತಟ್ಟೆ. ಅದರ ಮೇಲೆ ಒಬ್ಬ ಹುಡುಗಿಯ ಹೆಸರಿದೆ. ಆ ಹುಡುಗಿ ಯಾವ ಕಡೆ ಊಟಕ್ಕೆ ಕೂತಳು ಎಂಬುದು ತಿಳಿಯದೆ ನಮ್ಮ ಕಚೇರಿಯಲ್ಲಿ ಕೆಲಸವೇ ನಿಂತುಹೋಗಿದೆ. ತಿಳಿದವರು ತಿಳಿಸಬೇಕು. ತಟ್ಟೆಯ ಕತೆಗೆ ಮುಂಚೆ ನಮ್ಮ ಬಿಸ್ಕತ್ತಿನ ವಿಷಯ ಹೇಳದಿದ್ದರೆ ತಮಗೆ ನಮ್ಮ ಸಂಕಟ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಯಾರ ಮನೆಯಲ್ಲೂ ಓವನ್ ಇಲ್ಲ. ಬೀದಿಗೊಂದು ಬಿಸಿಗಟ್ಟೆ ಇದೆ: ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ವಾಪಸು ಕೊಡುವ ಕಪ್ಪು ಕಲ್ಲಿನ ಕಟ್ಟೆ. ಹಿಟ್ಟು ಅವರವರ ಮನೆಯಲ್ಲಿ, ಬೇಯುವುದು ಎಲ್ಲರದೂ ಅಲ್ಲಿ. ಹೊತ್ತು ಇಳಿಯುತ್ತಿದ್ದಂತೆ ತಟ್ಟೆಗಳು ಮನೆಮನೆಯಿಂದ ಹೊರಡುತ್ತವೆ. ಒಬ್ಬರದು ಜೀರಿಗೆ ಬಿಸ್ಕತ್ತು, ಒಬ್ಬರದು ರಾಗಿ, ಮತ್ತೊಬ್ಬರದು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹೆಚ್ಚಿಹಾಕಿ ಮೊಸರಲ್ಲಿ ಕಲಸಿದ ಖಾರ ಬಿಸ್ಕತ್ತು. ಕಲಬೆರಕೆಯಾಗದಿರಲೆಂದು ಪ್ರತಿ ಮನೆಗೂ ಒಂದು ಗುರುತು ಉಂಟು. ಕೆಲವರು ಬಾಚಣಿಗೆಯ ಹಲ್ಲು ಒತ್ತುತ್ತಾರೆ, ಕೆಲವರು ಬೀಗದ ಕೈ. ನಮ್ಮ ಎದುರುಮನೆಯವರು ಓಲೆಯ ತಿರುಪು ಒತ್ತುತ್ತಿದ್ದರು. ಒಮ್ಮೆ ತಿರುಪು ಬಿಸ್ಕತ್ತಿನೊಳಗೇ ಉಳಿದು ಯಾರದೋ ಹೊಟ್ಟೆ ಸೇರಿದ ಮೇಲೆ ಚಮಚಕ್ಕೆ ಬದಲಾಯಿಸಿದರು. ಬೇಯುವಷ್ಟು ಹೊತ್ತು ಕಟ್ಟೆಯ ಸುತ್ತ ಕೂತಿರುವುದು ಕಡ್ಡಾಯ. ಬೀದಿಯ ಮುಕ್ಕಾಲು ಜಗಳ ಅಲ್ಲೇ ತೀರುತ್ತದೆ, ಏಕೆಂದರೆ ಬಿಸ್ಕತ್ತು ಬಿಟ್ಟು ಎದ್ದುಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲೆ ಚಾಪೆ ಹಾಸಿ ಕೂಡೂಟ. ಮೊಸರನ್ನದ ಮೇಲೆ ಖಾರ ಬಿಸ್ಕತ್ತನ್ನು ಪುಡಿಮಾಡಿ ಉದುರಿಸಿಕೊಳ್ಳುತ್ತೇವೆ. ಎಲ್ಲರಿಗಿಂತ ಚಿಕ್ಕವರ ತಟ್ಟೆ ಹಾಕುವವರೆಗೆ ಯಾರೂ ತುತ್ತು ಎತ್ತುವುದಿಲ್ಲ. ತಾವು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅರ್ಧ ಕಳೆದುಕೊಂಡು, ಲೋಟದೊಳಗೆ ಬೆರಳಿಟ್ಟು ಹುಡುಕುತ್ತಿದ್ದಿರಿ ಎಂದು ಓದಿದ್ದೇವೆ. ಅದು ಆಟವೋ ಆಚರಣೆಯೋ ಇನ್ನೂ ತೀರ್ಮಾನವಾಗಿಲ್ಲ.

ಇನ್ನು ತಟ್ಟೆಯ ವಿಷಯ. ಹೊಳೆಯ ಹತ್ತಿರ ತಮ್ಮ ಕಾಲದ ಒಂದು ಮನೆಯನ್ನು ಬಗೆಯುತ್ತಿದ್ದೆವು. ಒಂದೇ ತಲೆಬಾಗಿಲು, ಒಂದೇ ಬಚ್ಚಲು, ಒಂದೇ ತುಳಸಿಕಟ್ಟೆ. ಅಡುಗೆಮನೆಯ ನಡುವೆ ಮಾತ್ರ ಎದೆಮಟ್ಟದ ಇಟ್ಟಿಗೆ ಗೋಡೆ. ಆಚೆಗೊಂದು ಒಲೆ, ಈಚೆಗೊಂದು ಒಲೆ. ನಮ್ಮ ಹಿರಿಯ ಬಗೆಗಾರರಾದ ತರಂಗಪ್ಪನವರು ಗೋಡೆಯನ್ನು ತಟ್ಟಿ ನೋಡಿ, ಇದು ಭೂಕಂಪಕ್ಕೆ ಕೊಟ್ಟ ಆಸರೆ ಎಂದರು. ಅವರ ಜೊತೆ ಕೆಲಸ ಮಾಡುವ ಮಿಂಚಮ್ಮನವರು, “ಹೌದ್ರೀ, ನಡುಗಿದ್ದು ನೆಲ ಅಲ್ಲ ಅಷ್ಟೆ,” ಎಂದರು.

ಈಚೆ ಸಿಕ್ಕಿದ್ದು ದಪ್ಪ ತಳದ ಒಂದು ಅಲ್ಯೂಮಿನಿಯಂ ಪಾತ್ರೆ, ಅದಕ್ಕೊಪ್ಪುವ ಮುಚ್ಚಳ, ಒಳಗಿಡುವ ಒಂದು ಕಬ್ಬಿಣದ ಬಳೆ. ತಳಕ್ಕೆ ಅಂಟಿಕೊಂಡಿದ್ದವು ಇದ್ದಿಲಿನಂತೆ ಸುಟ್ಟ ಬಿಸ್ಕತ್ತುಗಳು. ಆರುನೂರು ವರ್ಷ ಕಳೆದರೂ ಅವು ಮೆತ್ತಗಾಗಿಲ್ಲ. ಹೊಸದರಲ್ಲಿ ಹೇಗಿದ್ದವೋ ದೇವರಿಗೇ ಗೊತ್ತು. ಆಚೆ ಸಿಕ್ಕಿದ್ದು ಒಂದು ಡಬ್ಬದ ತುಂಬ ಮರಳು. ಹೊಳೆಯ ಮರಳೇ, ಆದರೆ ಕಾದು ಕಾದು ಕಂದುಬಣ್ಣಕ್ಕೆ ತಿರುಗಿದ್ದು. ಪಕ್ಕದ ಕಾವಲಿಯ ಮೇಲೆ ಕೆಳಗೆ ಸೀದು, ನಡುವೆ ಹಸಿಯಾಗಿಯೇ ಉಳಿದ ಬಿಸ್ಕತ್ತುಗಳು.

“ಮರಳು ಪೂಜೆಗೆ ಇಟ್ಟಿರ್ತಾರೆ ಬರ್ಕೋ,” ಎಂದರು ತರಂಗಪ್ಪ ನನ್ನ ಕಡೆ ತಿರುಗಿ.

“ಅಲ್ರೀ, ಪೂಜೆ ಮರಳು ಹಿಂಗೆ ಹುರಿದಂಗೆ ಇರುತ್ತೇನ್ರೀ? ದೇವ್ರಿಗೇನು ಕಡ್ಲೆಕಾಯಿ ಹುರ್ಕೊಡ್ತಿದ್ರಾ?”

“ಹಂಗಾದ್ರೆ ನೀವೇ ಹೇಳ್ರಿ ಏನಂತ.”

ಮಿಂಚಮ್ಮ ಆಚೆಯ ಮರಳನ್ನು ತಂದು ಈಚೆಯ ಪಾತ್ರೆಗೆ ಸುರಿದರು. ಎರಡು ಬೆರಳಿನಷ್ಟು ಮರಳು, ಅದರ ಮೇಲೆ ಕಬ್ಬಿಣದ ಬಳೆ, ಬಳೆಯ ಮೇಲೆ ತಮ್ಮ ಮನೆಯ ಹಿಟ್ಟಿನ ಬಿಸ್ಕತ್ತು ಜೋಡಿಸಿದ ತಟ್ಟೆ. ಮುಚ್ಚಳ ಮುಚ್ಚಿ ಬಿಸಿಗಟ್ಟೆಯ ಮೇಲಿಟ್ಟು, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತರು. ಸ್ವಲ್ಪ ಹೊತ್ತಿಗೆ ಕರಿಬೇವಿನ ಘಮ ಬಂತು. ಆಮೇಲೆ ಬೆಣ್ಣೆಯದು. ಮುಚ್ಚಳ ತೆಗೆದರೆ ಮೇಲೆ ಬಿಳಿ, ಕೆಳಗೆ ಜೇನಿನ ಬಣ್ಣ. ಮುರಿದರೆ ಮರಳಿನಂತೆ ಸಲೀಸಾಗಿ ಉದುರುವ ಹದ. ತರಂಗಪ್ಪನವರು ಸಂಶೋಧನೆಗೆಂದು ಒಂದು ತಿಂದರು, ಸಂಶಯಕ್ಕೆಂದು ಇನ್ನೊಂದು, ಸಂಕೋಚವಿಲ್ಲದೆ ಮತ್ತೊಂದು. ಆ ಮನೆಯವರು ಎರಡು ಮಾಡಿಕೊಂಡಿದ್ದು ಒಲೆಯನ್ನಲ್ಲ, ಒಂದು ಒಲೆಯ ಹೊಟ್ಟೆಯನ್ನೇ ಎಂದು ನಮಗೆ ಆಗ ಹೊಳೆಯಿತು. ಮರಳಿಲ್ಲದ ಪಾತ್ರೆಯಲ್ಲಿ ಬಿಸ್ಕತ್ತು ಸೀಯುತ್ತದೆ, ಪಾತ್ರೆಯಿಲ್ಲದ ಮರಳು ಮಕ್ಕಳ ಆಟಕ್ಕೆ. ಇತ್ತ ಸೀದಿತು, ಅತ್ತ ಹಸಿಯೇ ಉಳಿಯಿತು. ನಡುವೆ ಇಟ್ಟಿಗೆ ನಗುತ್ತ ಕೂತಿತು.

“ಹಗೆ ಅಂದ್ರೆ ಇದಪ್ಪ. ತಾನು ತಿನ್ನದಿದ್ರೂ ಸೈ, ಆಚೆಯೋರು ತಿನ್ಬಾರ್ದು ಅಂತ,” ಎಂದು ತರಂಗಪ್ಪ ತೀರ್ಪು ಕೊಟ್ಟರು.

ಮಿಂಚಮ್ಮ ಎರಡೂ ಕಡೆಯ ಹಳೆಯ ಬಿಸ್ಕತ್ತುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡುತ್ತಿದ್ದರು. ಪ್ರತಿಯೊಂದರ ನಡುವೆಯೂ ಹೆಬ್ಬೆರಳ ಉಗುರಿನಿಂದ ಒತ್ತಿದ ಅರ್ಧಚಂದ್ರ. ಸೀದದ್ದರಲ್ಲೂ ಅದೇ, ಹಸಿಯಿದ್ದುದರಲ್ಲೂ ಅದೇ. “ಉಗುರು ಒಂದೇ ಅಲ್ಲ ನೋಡ್ರಿ. ಇದು ಅಗಲ, ಇದು ಸಣ್ಣದು. ಆದ್ರೆ ಒಬ್ರಿಗೆ ಇನ್ನೊಬ್ರು ಪಕ್ಕದಾಗೆ ಕೂತು ಹೇಳಿಕೊಟ್ಟಿದ್ದು. ಹಗೆ ಇದ್ದೋರು ಗುರುತು ಬದ್ಲಾಯಿಸ್ತಿದ್ರು.”

“ಹಂಗಾದ್ರೆ ಪಾತ್ರೆ, ಮರಳು ಬೇರೆಬೇರೆ ಯಾಕ್ರೀ ಮಾಡ್ಕೊಂಡ್ರು?”

“ಕಿತ್ಕೊಂಡಿಲ್ಲ ತರಂಗಪ್ಪಾರೇ, ಬಿಟ್ಟುಕೊಟ್ಟಾರೆ. ಒಳ್ಳೆ ಪಾತ್ರೆ, ನೀವಿಟ್ಕೊಳ್ರಿ ಅಂತ ಆಚೆಯೋರು. ಹದ ಬಂದಿರೋ ಮರಳು, ನಿಮಗಿರ್ಲಿ ಅಂತ ಈಚೆಯೋರು. ಜಗಳ ಆಡ್ಕೊಂಡು ಹಂಚಿಕೊಂಡಿದ್ರೆ ಯಾರೋ ಒಬ್ರಿಗಾದ್ರೂ ಬಿಸ್ಕತ್ತು ಸಿಗ್ತಿತ್ತು. ಮರ್ಯಾದೆಲಿ ಹಂಚ್ಕೊಂಡು ಇಬ್ರೂ ಉಪಾಸ.”

ಅಷ್ಟರಲ್ಲಿ ಗೋಡೆಯ ತಲೆಯ ಮೇಲಿನ ಮಣ್ಣು ಒರೆಸುತ್ತಿದ್ದವನಿಗೆ, ಎಂದರೆ ನನಗೆ, ಆ ತಟ್ಟೆ ಸಿಕ್ಕಿತು. ತಾವು ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಿದ್ದಿರಲ್ಲ, ಹಾಗೆ ಅಂಚಿನಲ್ಲಿ ‘ಇಂಚರ’ ಎಂದು ಕೆತ್ತಿದೆ. ಆಚೆಯೂ ಅಲ್ಲ, ಈಚೆಯೂ ಅಲ್ಲ, ಸರಿಯಾಗಿ ಗೋಡೆಯ ಮೇಲೆ. ಈ ಹುಡುಗಿ ಯಾವ ಕಡೆ ಊಟ ಮಾಡಿದಳು? ಆಚೆ ಕೂತರೆ ಈಚೆಯವರಿಗೆ ನೋವು, ಈಚೆ ಕೂತರೆ ಆಚೆಯವರಿಗೆ ನೋವು, ನಡುವೆ ಕೂರೋಣವೆಂದರೆ ಇಟ್ಟಿಗೆ. ಹೋಟೆಲಿಗೆ ಹೋಗಿರಬೇಕು ಎಂದರು ತರಂಗಪ್ಪ. ಮಿಂಚಮ್ಮ ಅವತ್ತು ಬುತ್ತಿ ಬಿಚ್ಚಲಿಲ್ಲ.

ಆದ್ದರಿಂದ ಮಹಾಜನಗಳಲ್ಲಿ ನನ್ನ ಕೋರಿಕೆ ಇಷ್ಟೇ. ಆ ಗೋಡೆಯಾಗಲಿ ಅದನ್ನು ಕಟ್ಟಿಸಿದ ಕಾರಣವಾಗಲಿ ನಮಗೆ ಬೇಡ. ಅಂಥವು ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿವೆ. ಆ ಹುಡುಗಿ ಉಂಡಳೇ, ಯಾರೊಡನೆ ಉಂಡಳು, ಮೊಸರನ್ನದ ಮೇಲೆ ಬಿಸ್ಕತ್ತಿತ್ತೇ ಎಂಬುದನ್ನಷ್ಟೇ ತಿಳಿಸಿ. ಚರಿತ್ರೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇವೆ. ತಾವು ಬರೆದಂತೆ ಆಗುತ್ತದೆ ಎಂಬುದು ನಮ್ಮ ಕಾಲದ ನಂಬಿಕೆ.

ಹಿಟ್ಟಿಗೊಂದು ಹದ, ಹದಕ್ಕೊಂದು ಕಾವು,
ಕಾವಿಗೊಂದು ಮರಳು, ಮರಳಿಗೆ ತಾವು,
ತಾವು ಬಾರದಿದ್ದರೆ

ಅತ್ತಿಗೆ, ಮುಂದಿನ ಸಾಲು ಹೊಳೆಯುತ್ತಿಲ್ಲ. ಪ್ರಾಸ ಸಾಕು. ತರಂಗಪ್ಪನೂ ಇಲ್ಲ, ಮಿಂಚಮ್ಮನೂ ಇಲ್ಲ, ಬಿಸಿಗಟ್ಟೆಯೂ ಇಲ್ಲ. ನಾನು ನಿಮ್ಮ ಮೈದುನ ಚನ್ನವೀರ, ಗೋಡೆಯ ಈಚೆಯವನು. ಇಂಚರ ನಾಳೆ ಹಾಸ್ಟೆಲಿನಿಂದ ಬರುತ್ತಿದ್ದಾಳೆ. ಗೋಡೆಯ ವಿಷಯ ಅವಳಿಗೆ ನೀವೂ ಹೇಳಿಲ್ಲ, ಅಣ್ಣನೂ ಹೇಳಿಲ್ಲ, ನನಗಂತೂ ಬಾಯೇ ಬರಲಿಲ್ಲ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ: “ಚಿಕ್ಕಪ್ಪ, ಭಾನುವಾರ ಅಮ್ಮ ಖಾರ ಬಿಸ್ಕತ್ತು ಮಾಡ್ತಾಳಲ್ವಾ?” ಹೂಂ ಅಂದುಬಿಟ್ಟೆ.

ಪಾತ್ರೆ ಹಂಚಿದ ದಿನ ಅವಳ ತಟ್ಟೆಯನ್ನು ನೀವೂ ಮುಟ್ಟಲಿಲ್ಲ, ನಾವೂ ಮುಟ್ಟಲಿಲ್ಲ. ಇವತ್ತೂ ಗೋಡೆಯ ಮೇಲೇ ಇದೆ. ಈ ಕಾಗದವನ್ನು ಅದರ ಕೆಳಗೆ ಇಡುತ್ತಿದ್ದೇನೆ. ತಳದಲ್ಲಿ ಸೀದದ್ದನ್ನೆಲ್ಲ ಉಜ್ಜಿ ಪಾತ್ರೆ ಬೆಳಗಿಟ್ಟಿದ್ದೇನೆ. ನಿಮ್ಮ ವಾರಗಿತ್ತಿ ದಾಕ್ಷಾಯಿಣಿ ಹಿಟ್ಟು ಕಲಸಿದ್ದಾಳೆ, ನೀವು ಹೇಳಿಕೊಟ್ಟ ಅಳತೆಯಲ್ಲೇ. ಬಿಲ್ಲೆ ಕತ್ತರಿಸಿ ಜೋಡಿಸಿದ್ದಾಳೆ, ಉಗುರು ಮಾತ್ರ ಒತ್ತಿಲ್ಲ. ಅದು ಅಕ್ಕನ ಗುರುತು, ಅಕ್ಕನೇ ಒತ್ತಲಿ ಎಂದಳು.

ಮರಳಿನ ಡಬ್ಬ ಭಾರ, ಗೊತ್ತು. ಆದರೆ ಗೋಡೆ ಎದೆಮಟ್ಟವೇ ಇರುವುದು. ನೀವು ಅಲ್ಲಿಂದ ಸ್ವಲ್ಪ ಎತ್ತಿಕೊಡಿ ಸಾಕು, ಈಚೆಯಿಂದ ನಾನು ಹಿಡಿದುಕೊಳ್ಳುತ್ತೇನೆ.