ಉಪ್ಪು ಬೆರೆತ ತೀರ್ಥ

ಮೊಂತೆರ್ರೇ, ಮಂಗಳವಾರ

ಅಮ್ಮ,

ರಾಜ್ಯ ಸರ್ಕಾರ ಆರು ವರ್ಷ ಹಿಡಿದು ಕಟ್ಟಿಸಿದ, ನಾನು ಕೆಲಸ ಮಾಡುವ ನ್ಯಾನೋ ತಂತ್ರಜ್ಞಾನ ಕೇಂದ್ರ ಇವತ್ತು ಉದ್ಘಾಟನೆಯಾಯಿತು. ಧೂಳಿನ ಒಂದು ಕಣವೂ ನುಸುಳಬಾರದ ಕೋಣೆಯೊಳಗೆ ನಮ್ಮೂರ ಪಾದ್ರಿ ಅನ್ಸೆಲ್ಮೋ ಅವರನ್ನು ನಾನೇ ಬಿಟ್ಟೆ.

"ಬರೀ ಪ್ರಾರ್ಥನೆ ಸಾಕು ಫಾದರ್" ಅಂದೆ.

"ತೀರ್ಥ ಬೀಳದ ಜಾಗದಲ್ಲಿ ಯಾರಮ್ಮ ಕೆಲಸ ಶುರುಮಾಡ್ತಾರೆ?" ಎಂದವರೇ ನಿಲುವಂಗಿಯೊಳಗಿಂದ ಸೀಸೆ ತೆಗೆದು, ತೀರ್ಥಕ್ಕೆಂದು ನೀನು ಕೊಟ್ಟಿದ್ದ ಅಡುಗೆಮನೆಯ ಉಪ್ಪು ಬೆರೆಸಿದ್ದ ನೀರನ್ನು ಅಲ್ಲಿ ತೆರೆದಿಟ್ಟಿದ್ದ ಮುಖ್ಯ ಯಂತ್ರದ ಮೇಲೆಲ್ಲ ಚಿಮುಕಿಸಿದರು. ಉಪ್ಪು ತಾಗಿದರೆ ಆ ಯಂತ್ರದ ಕಥೆ ಮುಗಿಯಿತು. ಕೈಗಾರಿಕಾ ಮಂತ್ರಿಗಳು ಮಂಡಿಯೂರಿ "ಆಮೆನ್" ಎಂದರು. ತಡೆಯಬೇಕಿದ್ದ ನನ್ನ ಕೈ ತಾನಾಗಿಯೇ ಶಿಲುಬೆಯ ಗುರುತು ಹಾಕಿತು.

ಕೋಣೆಗೆ ಬೀಗ ಬಿದ್ದಿದೆ. ಪಾದ್ರಿಗಳನ್ನು ಒಳಗೆ ಬಿಟ್ಟವರು ಯಾರೆಂದು ಮೇಲಧಿಕಾರಿಗಳು ಕೇಳಿದ್ದಕ್ಕೆ ನನ್ನ ಹೆಸರು ಬರೆದುಕೊಟ್ಟೆ. ಸೀಸೆ ಒಳಗೇ ಉಳಿದಿದೆ, ಪಾದ್ರಿಗಳಿಗೆ ಬೇರೊಂದು ಕೊಡಿಸು. ಅವರು ಯಂತ್ರದ ಬಗ್ಗೆ ಕೇಳಿದರೆ, ಚೆನ್ನಾಗಿ ಓಡುತ್ತಿದೆ ಅನ್ನು.

ನಿನ್ನ ಮಗಳು
ಎಡೆಲ್ಮೀರಾ