‘ಹುರಿದುಂಬಿಸು’ ಪದಕ್ಕೊಂದು ಉದಾಹರಣೆ

ಮಗಳೇ,

ಸಮಸ್ತ ಓದುಗಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ನಿಘಂಟಿನ ಕೆಲಸ ಇಂದು ಬೆಳಿಗ್ಗೆಯಿಂದ ‘ಹುರಿದುಂಬಿಸು’ ಎಂಬ ಒಂದೇ ಪದದ ಬಳಿ ಕೆಟ್ಟ ಬಸ್ಸಿನಂತೆ ನಿಂತಿದೆ. ಅರ್ಥವನ್ನೇನೋ ಸಲೀಸಾಗಿ ಬರೆದೆ: ಉತ್ಸಾಹ ತುಂಬು, ಸೋತ ಕಾಲಿಗೆ ಬಲ ಕೊಡು. ಬಳಕೆ ತೋರಿಸಲು ಒಂದು ವಾಕ್ಯ ಬೇಕಿತ್ತು. ಎದುರು ಮೇಜಿನ ಟೈಪಿಸ್ಟ್ ಮೇಡಂ, “ಅದಕ್ಯಾಕೆ ಇಷ್ಟು ಯೋಚನೆ ಸಾರ್? ನಿನ್ನೆ ಮಗಳ ಓಟಕ್ಕೆ ಹೋಗಿದ್ರಲ್ಲ, ಅದನ್ನೇ ಬರೀರಿ” ಎಂದರು. ನಾನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಮೇಜಿನಡಿ ತಲೆ ಹಾಕಿದೆ.

ಕೊನೆಯ ಸುತ್ತಿನಲ್ಲಿ ನೀನೇ ಮುಂದಿದ್ದೆ. ಉಳಿದ ಅಪ್ಪ ಅಮ್ಮಂದಿರು ಗಂಟಲು ಹರಿಯುವಂತೆ “ಓಡು, ಓಡು” ಎನ್ನುತ್ತಿದ್ದರು. ನಾನೂ ಬೇಲಿ ಹಿಡಿದು ಕೂಗಿದೆ: “ನಿಧಾನ ಪುಟ್ಟೀ, ಬೀಳ್ತೀಯ.” ನೀನು ಸೈಕಲ್ ಕಲಿತಾಗಿನಿಂದ ನನ್ನ ಬಾಯಿಗೆ ಅದೊಂದೇ ಮಾತು ರೂಢಿ. ನಿನಗೂ ಕೇಳಿ ರೂಢಿ. ನೀನು ತಿರುಗಿ ನೋಡಿ ಓಟ ತಗ್ಗಿಸಿದೆ. ಇಬ್ಬರು ನಿನ್ನನ್ನು ದಾಟಿಹೋದರು.

ಮನೆಗೆ ಬರುವ ದಾರಿಯಲ್ಲಿ ನೀನು ಬೈದಿದ್ದರೆ ಚೆನ್ನಾಗಿತ್ತು. “ಅಪ್ಪಾ, ಕೂಗಿ ಗಂಟಲು ಒಣಗಿರತ್ತೆ, ನೀರು ಕುಡಿ” ಎಂದೆಯಲ್ಲ, ಆ ನೀರು ಇನ್ನೂ ಕೆಳಗಿಳಿದಿಲ್ಲ.

ಬರುವ ಭಾನುವಾರದ ಓಟಕ್ಕೆ “ಈ ಸಲ ಅಮ್ಮ ಒಬ್ಬಳೇ ಬರಲಿ” ಎಂದು ಅಡುಗೆಮನೆಯಲ್ಲಿ ನೀನು ಪಿಸುಗುಟ್ಟಿದ್ದು ಕೇಳಿಸಿತು. ನ್ಯಾಯವೇ. ಆದರೂ ನನ್ನನ್ನು ಬರಗೊಡುವುದಾದರೆ, ಏನು ಕೂಗಬೇಕೆಂದು ಈ ಹಾಳೆಯ ಹಿಂದೆ ಬರೆದು ನನ್ನ ಕನ್ನಡಕದ ಡಬ್ಬಿಯಲ್ಲಿಡು. ಅಕ್ಷರ ದೊಡ್ಡದಿರಲಿ. ನೀನು ಓಡುವಾಗ ನಾನು ಹಾಕುವುದು ದೂರ ನೋಡುವ ಕನ್ನಡಕ.

ಇಂತಿ,
ನಿನ್ನ ಅಪ್ಪ