ಹಸೆಗೆ ಹಾಸುವ ಕರಿಕಂಬಳಿ

ಜವನಗೊಂಡನಹಳ್ಳಿ
೧೨ ಜನವರಿ ೨೦೨೫

ಮುದ್ದು ತಂಗಿ ಸಹನಾಗೆ,

ಅಕ್ಕನ ಆಶೀರ್ವಾದಗಳು. ಕಾಗದ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಬೆಳಗಿನ ಹೊತ್ತು ನನ್ನ ಬೆರಳು ಮಡಚುವುದಿಲ್ಲ. ಬಿಸಿಲೇರಿದ ಮೇಲೆ ಒಂದಿಷ್ಟು ಬರೆಯುತ್ತೇನೆ, ಎತ್ತಿಡುತ್ತೇನೆ. ಫೋನ್ ಮಾಡೋಣವೆಂದರೆ ನೀನು ನನ್ನ ಮಾತು ಮುಗಿಯಲು ಬಿಟ್ಟರೆ ತಾನೆ!

ನಿನ್ನ ಮೈಸೂರಿನ ಲ್ಯಾಬಿನ ವಿಷಯ ತಲೆಯಲ್ಲೇ ಕೂತಿದೆ. ಮೈಯಲ್ಲಿ ಗಡ್ಡೆ ಬೆಳೆಯದಂತೆ ಕಾಯುವ ಪ್ರೋಟೀನೊಂದಿದೆ, ಅದು ಕೆಟ್ಟರೆ ಕ್ಯಾನ್ಸರ್ ಬರಬಹುದು ಎಂದು ನೀನು ಮೊದಲಿಂದಲೂ ಹೇಳುತ್ತಿದ್ದೆ. ಅವ್ವ ಆ ರೋಗದಲ್ಲಿ ಹೋದಳೆಂದೇ ನೀನು ಆ ಓದಿಗೆ ಬಿದ್ದವಳು. ಈಗ ಅದೇ ಪ್ರೋಟೀನು ನನ್ನ ಕೀಲುಗಳಲ್ಲಿರುವಂಥ ಉರಿಯೂತವನ್ನೂ ಹದ್ದುಬಸ್ತಿನಲ್ಲಿಡಬಹುದು ಅನ್ನುತ್ತೀಯ. ಅವ್ವನ ನೋವಿಗೂ ನನ್ನ ನೋವಿಗೂ ಒಂದೇ ಕಾವಲು ಎಂದು ಕೇಳಿ ಯಾಕೋ ಸಮಾಧಾನವಾಯಿತು. "ಔಷಧಿ ಯಾವಾಗ ಬರ್ತೈತೆ?" ಎಂದು ನಾನು ಕೇಳಿದ್ದಕ್ಕೆ, "ಇನ್ನೂ ಇಲಿಗಳಲ್ಲೇ ನೋಡ್ತಿದೀವಿ ಅಕ್ಕ, ಸುಳ್ಳು ಹೇಳಲ್ಲ" ಅಂದೆ. ನಿನ್ನ ಆ ಮಾತು ನನಗೆ ಇಷ್ಟವಾಯಿತು.

ಆದರೆ ಕೋಪವೂ ಬಂದಿದೆ, ಕೇಳು. ಹಸೆಗೆ ಹಾಸುವ ಕರಿಕಂಬಳಿಗೆ ಅಕ್ಕನೇ ಉಣ್ಣೆ ನೂಲಬೇಕು, ಅವಳ ಕೈ ವಾಸಿಯಾಗುವವರೆಗೆ ಮದುವೆ ಬೇಡ ಎಂದು ಕೂತಿದ್ದೀಯಂತೆ. ನಿನ್ನನ್ನು ಮದುವೆಯಾಗಬೇಕಾದ ಬಸವೇಶ್ ಹಿರಿಯೂರಿನಿಂದ ಬಂದಿದ್ದ. "ಅಕ್ಕಾರೆ, ನೀವಾದ್ರೂ ಹೇಳ್ರಿ. ಇನ್ನೂ ಕಾಯಾಕಾಗಲ್ಲ, ಬೇರೆ ಹೆಣ್ಣು ನೋಡ್ತೀನಿ ಅಂತಾಳೆ ನಮ್ಮವ್ವ" ಅಂದ. ಪಾಪ, ಕೊಟ್ಟ ಟೀ ಹಾಗೇ ಆರಿಹೋಯಿತು. ಲೇ ಹುಡುಗಿ, ಇಲಿಗೆ ವಾಸಿಯಾಗಿ ಆಮೇಲೆ ನನಗೆ ವಾಸಿಯಾಗುವಷ್ಟರಲ್ಲಿ ನಿನ್ನ ತಲೆ ನರೆತಿರುತ್ತದೆ!

ಕಂಬಳಿ ಆಯಿತು. ನೇಕಾರ ಚಿಕ್ಕತಿಮ್ಮಪ್ಪ ನೇಯ್ದು, ಹುಣಸೆಬೀಜದ ಗಂಜಿ ಬಳಿದು ಒಣಗಿಸಿ ಕೊಟ್ಟಿದ್ದಾನೆ. "ಒಂದು ಗಂಟಿಲ್ಲ. ಇಂಥಾ ನೂಲು ಈಗ ಯಾರು ನೂಲ್ತಾರವ್ವ?" ಅಂದ. ನಿನಗಿನ್ನು ನೆಪವಿಲ್ಲ, ಇವತ್ತೇ ಬಸವೇಶನಿಗೆ ಹೂಂ ಅನ್ನು. ಇಬ್ಬರೂ ತಣ್ಣಗೆ ಬಾಳಿ.

ಇಂತಿ ನಿನ್ನ ಅಕ್ಕ,
ನೇತ್ರಾವತಿ

ಮತ್ತೊಂದು ಮಾತು: ಆ ನೂಲು ನಾನು ನೂತದ್ದಲ್ಲ, ಮುಟ್ಟಿದೊಡನೆ ನಿನಗೇ ತಿಳಿಯುತ್ತದೆ. ಅವ್ವ ನನ್ನ ಮದುವೆಗೆಂದು ನೂತಿಟ್ಟಿದ್ದ ಉಂಡೆಗಳು ಟ್ರಂಕಿನಲ್ಲಿದ್ದವು. ಗಂಡಿನವರು ನನ್ನ ಬೆರಳು ನೋಡಿ ಎದ್ದುಹೋದ ಮೇಲೂ, ಹುಳ ಬೀಳದಿರಲೆಂದು ವರ್ಷ ವರ್ಷವೂ ಬೇವಿನಸೊಪ್ಪು ಬದಲಾಯಿಸುತ್ತಲೇ ಇದ್ದೆ. ಟ್ರಂಕು ಖಾಲಿ ಮಾಡುವಾಗ ಅತ್ತುಬಿಟ್ಟೆ, ನಾನೂ ಸುಳ್ಳು ಹೇಳುವುದಿಲ್ಲ. ನೀನು ಮಾತ್ರ ಆ ಕಂಬಳಿಯ ಮೇಲೆ ನಗುತ್ತಾ ಕೂರಬೇಕು.